ತೆರಿಗೆ ಇಳಿಸಿದ ಲಂಕೆ, ಕೊನೆಗೆ ಇಳಿದಿದ್ದು ಸರ್ಕಾರ!

ಅಂಗಡಿ ನಡೆಸೋರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಗಲ್ಲಾಪೆಟ್ಟಿಗೆಗೆ ಬರೋದು ಕಮ್ಮಿಯಾಗಿ, ಸಾಲದ ಕಂತು ಮಾತ್ರ ಹಾಗೇ ಇದ್ರೆ ಬಾಗಿಲು ಹಾಕೋ ದಿನ ದೂರ ಇರಲ್ಲ. ಶ್ರೀಲಂಕಾದಲ್ಲಿ ಇಡೀ ದೇಶಕ್ಕೇ ಆಗಿದ್ದು ಇದು.

2019ರ ನವೆಂಬರ್‌ನಲ್ಲಿ ಗೆದ್ದು ಬಂದ ಅಧ್ಯಕ್ಷ ಗೊಟಬಯ ರಾಜಪಕ್ಸ, ಬಂದ ಕೂಡಲೇ ವ್ಯಾಟ್ ಶೇ 15ರಿಂದ ಶೇ 8ಕ್ಕೆ ಇಳಿಸಿದರು. ವ್ಯಾಪಾರಿಗಳಿಗೆ ಸಿಹಿ ಸುದ್ದಿಯೇ. ಆದರೆ ಬಂದರು, ಹೆದ್ದಾರಿ ಅಂತ ಹೊರಗಿನಿಂದ ತಂದ ಸಾಲ ಹಾಗೇ ಇತ್ತು. 2020ರಲ್ಲಿ ಕೋವಿಡ್‌ನಿಂದ ಪ್ರವಾಸಿಗರು ನಿಂತರು, ಡಾಲರ್ ಬರೋ ದಾರಿಯೂ ಕಟ್ಟಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ದಿಢೀರನೆ ನಿಷೇಧಿಸಿದ್ದರಿಂದ ಭತ್ತದ ಇಳುವರಿ ಬಿತ್ತು. ಡಾಲರ್ ಇಲ್ಲದ ಹೊತ್ತಲ್ಲೇ ಅಕ್ಕಿ ಆಮದು ಮಾಡಿಕೊಳ್ಳಬೇಕಾಯ್ತು.

2022ರ ಏಪ್ರಿಲ್‌ನಲ್ಲಿ ಸರ್ಕಾರ ವಿದೇಶಿ ಸಾಲ ಕಟ್ಟೋದನ್ನೇ ನಿಲ್ಲಿಸಿತು. ಪೆಟ್ರೋಲ್, ಗ್ಯಾಸ್‌ಗೆ ಮೈಲುದ್ದ ಸಾಲು. ಕಾಗದ ಸಿಗದೆ ಶಾಲಾ ಪರೀಕ್ಷೆಗಳನ್ನು ಮುಂದೂಡಿದರು. ಜುಲೈ 9ರಂದು ಜನ ಅಧ್ಯಕ್ಷರ ನಿವಾಸಕ್ಕೇ ನುಗ್ಗಿದರು. ನಾಲ್ಕೇ ದಿನದಲ್ಲಿ ಗೊಟಬಯ ದೇಶ ಬಿಟ್ಟರು.

ರಾಜಕೀಯ ಪೂರ್ತಿ ತಿರುಗಿತು. 2020ರಲ್ಲಿ 225 ಸ್ಥಾನಗಳ ಪೈಕಿ ಬರೀ 3 ಗೆದ್ದಿದ್ದ ಎಡಪಂಥೀಯ ಮೈತ್ರಿಕೂಟ, 2024ರ ನವೆಂಬರ್‌ನಲ್ಲಿ 159 ಗೆದ್ದಿತು. ಅದಕ್ಕೂ ಎರಡು ತಿಂಗಳ ಮೊದಲು ಅದರ ನಾಯಕ ಅನುರ ಕುಮಾರ ದಿಸ್ಸನಾಯಕೆ ಅಧ್ಯಕ್ಷರಾಗಿದ್ದರು.

ಹಾಗಾದ್ರೆ ದೇಶ ನಡೆಸೋ ರೀತಿನೂ ಬದಲಾಯ್ತಾ? ಬದಲಾಯ್ತು, ಆದ್ರೆ ಜನ ಕೇಳಿದ ಹಾಗಲ್ಲ. ಹೊಸ ಸರ್ಕಾರ ಬರೋ ಮುಂಚೆಯೇ, 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸುಮಾರು 300 ಕೋಟಿ ಡಾಲರ್ ನೆರವಿಗೆ ಒಪ್ಪಿತ್ತು. ಷರತ್ತು ಏನಂದ್ರೆ: ತೆರಿಗೆ ಏರಿಸಿ, ವಿದ್ಯುತ್ ದರ ಏರಿಸಿ, ಖರ್ಚಿಗೆ ಕಡಿವಾಣ ಹಾಕಿ. 2024ರ ಜನವರಿಗೆ ವ್ಯಾಟ್ ಶೇ 18 ಮುಟ್ಟಿತ್ತು. ಈ ಷರತ್ತುಗಳನ್ನು ಸಡಿಲಿಸ್ತೀವಿ ಅಂತ ಪ್ರಚಾರ ಮಾಡಿದ್ದ ದಿಸ್ಸನಾಯಕೆ ಕೂಡ ಗೆದ್ದ ಮೇಲೆ ಅದೇ ಒಪ್ಪಂದವನ್ನು ಮುಂದುವರಿಸಿದರು.

ಓಟು ಹಾಕಿ ಆಳುವವರನ್ನು ಇಳಿಸಬಹುದು. ಅವರು ಮಾಡಿಟ್ಟ ಸಾಲವನ್ನು ಇಳಿಸೋಕಾಗಲ್ಲ. ಯಾವುದೇ ಪಕ್ಷ ತೆರಿಗೆ ಇಳಿಸ್ತೀವಿ ಅಂತ ಬಂದಾಗ ಚಪ್ಪಾಳೆಗೆ ಮುಂಚೆ ಒಂದು ಪ್ರಶ್ನೆ ಕೇಳೋಣ: ಖೋತಾ ಆಗೋ ದುಡ್ಡು ಎಲ್ಲಿಂದ ಬರುತ್ತೆ? ಲಂಕೆಯಲ್ಲಿ ಶೇ 8 ಅಂದಾಗ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಉತ್ತರ ಬಂದಿದ್ದು ಶೇ 18ರ ಬಿಲ್‌ನಲ್ಲಿ.