‘ಮುಟ್ಟಬೇಡ’ ಎನ್ನುವ ಗೋದಲಿ

ಉತ್ತರಹಳ್ಳಿಯ ಅಪಾರ್ಟ್‌ಮೆಂಟುಗಳಲ್ಲಿ ಸಿದ್ಧ ಗೋದಲಿಯನ್ನು ಕೊಂಡು ತಂದು, ಎತ್ತರದಲ್ಲಿರಿಸಿ, ಮಕ್ಕಳನ್ನು ‘ಮುಟ್ಟಬೇಡ’ ಎಂದು ಗದರಿಸುವ ತಂದೆತಾಯಿಯರೊಡನೆ ನನಗೆ ತಕರಾರಿದೆ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಏರ್ಪಡಿಸಿದ ಗೋದಲಿಯಲ್ಲಿ ಪ್ರತಿಮೆಗಳೇ ಇರಲಿಲ್ಲ. ಹುಲ್ಲು ತುಂಬಿದ ಮೇವುತೊಟ್ಟಿ, ಒಂದು ಎತ್ತು, ಒಂದು ಕತ್ತೆ, ಸುತ್ತ ನೆರೆದ ಜನ, ಅಷ್ಟೇ. ಅಲ್ಲಿ ಯಾರೂ ಬರಿಯ ಪ್ರೇಕ್ಷಕರಾಗಿರಲಿಲ್ಲ.

‘ಸಮಯವೆಲ್ಲಿದೆ ಫಾದರ್?’ ಎನ್ನುತ್ತೀರಿ. ಅಂಗಡಿ ಸುತ್ತಲು ಸಿಕ್ಕಿತಲ್ಲ! ಡಿಸೆಂಬರ್ ಎರಡನೆಯ ವಾರ ತಟ್ಟೆಯಲ್ಲಿ ಮಣ್ಣು ಹರಡಿ, ಮಗುವಿನ ಕೈಯಿಂದಲೇ ರಾಗಿ ಬಿತ್ತಿಸಿ. ದಿನವೂ ನೀರು ಚಿಮುಕಿಸಲಿ. ಹಬ್ಬದ ಹೊತ್ತಿಗೆ ಹಸಿರು ಎದ್ದಿರುತ್ತದೆ. ನೆಲ ಕೊಳೆಯಾಗುವುದೇ? ಆಗಲಿ. ಬಾಲಯೇಸುವನ್ನು ಮನೆಯ ಕಿರಿಯ ಮಗುವೇ ಮಲಗಿಸಲಿ. ಅದು ಮಣ್ಣಿನಲ್ಲಿ ಮಾಡಿದ ಕುರಿ ಒಂಟೆಗಿಂತ ದಪ್ಪವಾದರೂ ಅಲ್ಲೇ ನಿಲ್ಲಲಿ.