ಕತ್ತಿಗೂ ಕಾಯಿದೆ

ಕತ್ತಿವರಸೆಯಲ್ಲಿ ದೇಹದ ಯಾವ ಭಾಗಕ್ಕೆ ಮೊನೆ ತಾಗಿದರೆ ಅಂಕವೆಂಬ ವಾದ ಹಳೆಯದು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ ಕೂಟದಲ್ಲಿ ಇಂಥ ನಿಯಮಗಳ ಜಗಳ ವಿಕೋಪಕ್ಕೆ ಹೋಗಿ, ಫ್ರಾನ್ಸಿನ ವೀರರು ಕಣಕ್ಕೇ ಇಳಿಯಲಿಲ್ಲ. ಎಲ್ಲರೂ ಒಪ್ಪುವ ಕಾಯಿದೆಯೊಂದು ಬೇಕೆಂದು ಮರುವರ್ಷ ನವೆಂಬರ್ 29ರಂದು ಪ್ಯಾರಿಸಿನಲ್ಲಿ ಅಂತರರಾಷ್ಟ್ರೀಯ ಫೆನ್ಸಿಂಗ್ ಒಕ್ಕೂಟ ಜನ್ಮ ತಾಳಿತು. ಇಂದು ಅದರ ಕಚೇರಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿದೆ. ಖಂಡಕ್ಕೊಂದು ಒಕ್ಕೂಟ, ದೇಶಕ್ಕೊಂದು ಸಂಸ್ಥೆ, ನಮ್ಮಲ್ಲಿ ರಾಜ್ಯಕ್ಕೊಂದು ಸಂಘ, ಹೀಗೆ ಆಡಳಿತದ ಮೆಟ್ಟಿಲುಗಳು ಇಳಿಯುತ್ತವೆ.

ಇಷ್ಟೊಂದು ಮೆಟ್ಟಿಲುಗಳೇಕೆಂದು ವಾಚಕರು ಕೇಳಬಹುದು; ನನಗೂ ಹಾಗೆನಿಸಿದ್ದುಂಟು. ಆದರೆ ಚೆನ್ನೈನ ಸಿ. ಎ. ಭವಾನಿದೇವಿಯವರನ್ನು ನೋಡಿರಿ. ವಿಶ್ವ ಶ್ರೇಯಾಂಕವೊಂದೇ ಅಳತೆಗೋಲಾಗಿದ್ದರೆ ಯೂರೋಪಿನವರ ನಡುವೆ ಅವರಿಗೆ ಒಲಿಂಪಿಕ್ ಸ್ಥಾನ ದುರ್ಲಭವೇ ಆಗಿತ್ತು. ಏಷ್ಯ ಮತ್ತು ಓಷಿಯಾನಿಯ ವಲಯಕ್ಕೆ ಮೀಸಲಿದ್ದ ಎರಡು ಸ್ಥಾನಗಳಲ್ಲಿ ಒಂದು ಅವರಿಗೆ ದೊರೆಯಿತು. 2021ರಲ್ಲಿ ಟೋಕಿಯೋ ಕೂಟದಲ್ಲಿ, ಒಲಿಂಪಿಕ್ ಕಣದಲ್ಲಿ ಕತ್ತಿ ಹಿಡಿದ ಪ್ರಥಮ ಭಾರತೀಯರಾಗಿ ಅವರು ನಿಂತರು. ಮೊದಲ ಪಂದ್ಯದಲ್ಲಿ ಟ್ಯುನೀಸಿಯದ ಎದುರಾಳಿಯನ್ನು 15-3ರಿಂದ ಸೋಲಿಸಿದರು. ಎರಡನೆಯದರಲ್ಲಿ ಎದುರಿಗೆ ನಿಂತಿದ್ದವರು ಅದೇ ಫ್ರಾನ್ಸಿನ ಮನೋನ್ ಬ್ರುನೆ, 7-15ರಿಂದ ಸೋಲಬೇಕಾಯಿತು.