ಜೀವ ಉಳಿಸಿದವರಿಗೆ ಸನ್ಮಾನ: ಫೋನ್ ಎತ್ತಿದವರನ್ನು ಮರೆಯೋದು ಬೇಡ

ಮೈಸೂರು: ಗಾಯಾಳುವನ್ನು ಸಕಾಲಕ್ಕೆ ಆಸ್ಪತ್ರೆ ಮುಟ್ಟಿಸಿದ ಆಂಬುಲೆನ್ಸ್ ಡ್ರೈವರ್, ಬೆಂಕಿಯೊಳಗೆ ನುಗ್ಗಿದ ಅಗ್ನಿಶಾಮಕ ಸಿಬ್ಬಂದಿ, ನೀರಿಗೆ ಬಿದ್ದವರನ್ನು ಮೇಲಕ್ಕೆತ್ತಿದ ಪೊಲೀಸರು. ಇಂಥವರಿಗೆ ಹಾರ, ಶಾಲು, ಮೈಸೂರು ಪೇಟ ಹಾಕಿ ಸನ್ಮಾನ ಮಾಡೋದು ನಮ್ಮೂರಿಗೆ ಹೊಸದಲ್ಲ. ಮಾಡಬೇಕಾದ್ದೇ. ಆದರೆ ಸನ್ಮಾನದ ಫೋಟೋದಲ್ಲಿ ಒಬ್ಬರು ಕಾಣಿಸೋದು ತೀರಾ ಅಪರೂಪ. ನಾವು ಗಾಬರಿಯಲ್ಲಿ ಕರೆ ಮಾಡಿದಾಗ ಫೋನ್ ಎತ್ತಿ, ಗಾಡಿ ಕಳಿಸಿದವರು ಅವರು.

ಫೋನ್ ಎತ್ತೋದೇನು ದೊಡ್ಡ ಕೆಲಸ ಅಂತ ಕೇಳಬಹುದು. 108ಕ್ಕೆ ಕರೆ ಮಾಡಿದರೆ ಅದು ಹೋಗೋದು ಬೆಂಗಳೂರಿನ ಕರೆ ಕೇಂದ್ರಕ್ಕೆ. ಕರೆ ಮಾಡಿದವರು 'ವಿಜಯನಗರ ವಾಟರ್ ಟ್ಯಾಂಕ್ ಹತ್ರ ಬೇಗ ಬನ್ನಿ' ಅಂದು ಕಟ್ ಮಾಡಿದರೆ ಕಥೆ ಏನು? ವಿಜಯನಗರ ಮೈಸೂರಲ್ಲೂ ಇದೆ, ಬೆಂಗಳೂರಲ್ಲೂ ಇದೆ. ಜಯನಗರ ಎರಡೂ ಕಡೆ. ಹೆಬ್ಬಾಳ ಎರಡೂ ಕಡೆ. ಗಾಂಧಿನಗರವೂ ಅಷ್ಟೇ. ಅಳ್ತಾ ಇರೋರನ್ನು ಸಮಾಧಾನ ಮಾಡಿ, ಯಾವ ಊರು, ಯಾವ ಹಂತ, ರೋಗಿಗೆ ಉಸಿರು ಆಡ್ತಿದೆಯಾ ಅಂತ ಕೇಳಿ, ಹತ್ತಿರದ ಗಾಡಿ ಹುಡುಕಿ ಓಡಿಸಬೇಕು. ಹೃದಯ ನಿಂತ ಮೇಲೆ ನಾಲ್ಕರಿಂದ ಆರು ನಿಮಿಷದೊಳಗೆ ಮೆದುಳಿಗೆ ಪೆಟ್ಟು ಶುರುವಾಗುತ್ತೆ. ಆ ಲೆಕ್ಕದಲ್ಲಿ ಫೋನಿನ ಮೊದಲ ಅರ್ಧ ನಿಮಿಷವೂ ಚಿಕಿತ್ಸೆಯೇ.

ಈ ಕೆಲಸದ ಬೆಲೆ ರಾಜ್ಯಕ್ಕೆ ಗೊತ್ತಾಗಿದ್ದು 2022ರ ಸೆಪ್ಟೆಂಬರ್‌ನಲ್ಲಿ. ತಾಂತ್ರಿಕ ದೋಷದಿಂದ 108ರ ಕರೆ ಕೇಂದ್ರ ಕೈಕೊಟ್ಟಿತು. ಆಂಬುಲೆನ್ಸ್ ಇತ್ತು, ಡ್ರೈವರ್ ಇದ್ದರು. ಆದರೂ ಜನ ಪರದಾಡಿದರು. ಯಾಕಂದ್ರೆ ಎಲ್ಲಿಗೆ ಹೋಗಬೇಕು ಅಂತ ಗಾಡಿಗೆ ಹೇಳೋ ಕೊಂಡಿಯೇ ಕಳಚಿತ್ತು.

ನಮ್ಮ ಭಾಗದವರು ಮರೆಯಲಾಗದ ಇನ್ನೊಂದು ದಿನ 2018ರ ಡಿಸೆಂಬರ್ 14. ಹನೂರು ಭಾಗದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 17 ಜನ ತೀರಿಕೊಂಡರು. ಅಂಥ ವಿಷ ಉಸಿರನ್ನೇ ಕಟ್ಟಿಸುತ್ತೆ, ವೆಂಟಿಲೇಟರ್ ಬೇಕು. ಒಂದೇ ಊರಲ್ಲಿ ಅಷ್ಟು ವೆಂಟಿಲೇಟರ್ ಎಲ್ಲಿಂದ ತರೋದು? ಕೊಳ್ಳೇಗಾಲದ ಕಡೆಯಿಂದ ಆಂಬುಲೆನ್ಸ್ ಮೇಲೆ ಆಂಬುಲೆನ್ಸ್ ಮೈಸೂರಿಗೆ ಬಂದವು. ಕೆ.ಆರ್. ಆಸ್ಪತ್ರೆಯಷ್ಟೇ ಅಲ್ಲ, ನಗರದ ಖಾಸಗಿ ಆಸ್ಪತ್ರೆಗಳಲ್ಲೂ ರೋಗಿಗಳನ್ನು ಹಂಚಿ ಸೇರಿಸಲಾಯಿತು. ಸತ್ತವರ ಲೆಕ್ಕ ನಮಗೆಲ್ಲ ನೆನಪಿದೆ. ಬದುಕಿ ಮನೆಗೆ ಹೋದವರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆ ರಾತ್ರಿ ಸ್ಟೇರಿಂಗ್ ಹಿಡಿದವರು, ಹಿಂದೆ ಕೂತು ಉಸಿರು ನೋಡಿಕೊಂಡ ಶುಶ್ರೂಷಕರು, ಯಾವ ಆಸ್ಪತ್ರೆಯಲ್ಲಿ ಬೆಡ್ ಇದೆ ಅಂತ ಫೋನಲ್ಲಿ ವಿಚಾರಿಸಿದವರು, ಇವರ ಪಾಲು ಅದರಲ್ಲಿ ಇಲ್ವಾ?

ಬೇರೆ ಕಡೆ ಇದಕ್ಕೊಂದು ಪದ್ಧತಿ ಇದೆ. ಅಮೆರಿಕದಲ್ಲಿ ಏಪ್ರಿಲ್‌ನ ಎರಡನೇ ವಾರ ತುರ್ತು ಕರೆ ಸ್ವೀಕರಿಸೋರಿಗೇ ಮೀಸಲು. 1981ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕೌಂಟಿಯಲ್ಲಿ ಶುರುವಾಗಿ ದೇಶಕ್ಕೆಲ್ಲ ಹಬ್ಬಿತು. ನಮ್ಮಲ್ಲಿ ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಅದೇ ದಿನ ಬಾಂಬೆ ಬಂದರಿನಲ್ಲಿ ಹಡಗು ಸ್ಫೋಟಗೊಂಡು ಬೆಂಕಿ ಆರಿಸಲು ಹೋದ 66 ಸಿಬ್ಬಂದಿ ಪ್ರಾಣ ಕೊಟ್ಟರು. ಫೋನ್ ಎತ್ತೋರಿಗೂ ಅಂಥದ್ದೊಂದು ದಿನ ನಮ್ಮಲ್ಲಿ ಇರಬೇಕಲ್ವಾ?

ಇನ್ನೊಂದು ಮಾತು. ಶಾಲು ಹಾಕಿ ಸಂಬಳ ತಡ ಮಾಡಿದರೆ ಅದು ಸನ್ಮಾನ ಅಲ್ಲ. ಬಾಕಿ ವೇತನ ಕೊಡಿ ಅಂತ 108 ಸಿಬ್ಬಂದಿ 2024ರಲ್ಲೂ ಮುಷ್ಕರದ ಎಚ್ಚರಿಕೆ ಕೊಡಬೇಕಾಯಿತು. ಬೇರೆಯವರ ಜೀವಕ್ಕೆ ಒಂದೊಂದು ನಿಮಿಷ ಲೆಕ್ಕ ಹಾಕೋರು ತಮ್ಮ ಸಂಬಳಕ್ಕೆ ತಿಂಗಳುಗಟ್ಟಲೆ ಕಾಯಬಾರದು. ವೇದಿಕೆ ಮೇಲೆ ಹೊಗಳೋ ಜನಪ್ರತಿನಿಧಿಗಳು ಕೆಳಗಿಳಿದ ಮೇಲೆ ಈ ಪ್ರಶ್ನೆಯನ್ನೂ ಕೇಳಲಿ.

ಸರ್ಕಾರದ ಪಾಲು ಹಾಗಾದರೆ ನಮ್ಮ ಪಾಲೂ ಇದೆ. ಸಯ್ಯಾಜಿರಾವ್ ರಸ್ತೆ, ಇರ್ವಿನ್ ರಸ್ತೆಯ ವ್ಯಾಪಾರಸ್ಥರಿಗೆ ಗೊತ್ತು, ಕೆ.ಆರ್. ಆಸ್ಪತ್ರೆಗೆ ಹೋಗೋ ಆಂಬುಲೆನ್ಸ್ ಅಂಗಡಿ ಮುಂದೆಯೇ ಹಾಯಬೇಕು. ಗಿರಾಕಿ 'ಎರಡೇ ನಿಮಿಷ' ಅಂತ ಅಡ್ಡ ನಿಲ್ಲಿಸಿದ ಕಾರು ಒಳಗಿರೋ ರೋಗಿಯ ಎರಡು ನಿಮಿಷ ತಿನ್ನುತ್ತೆ. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ 10 ಸಾವಿರ ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತೆ. ದಂಡದ ಮಾತು ಬಿಡಿ, ಗಿರಾಕಿಗೆ 'ಸ್ವಲ್ಪ ಮುಂದೆ ಹಾಕಿ ಸಾರ್' ಅಂತ ಹೇಳೋಕೆ ಕಾಸು ಖರ್ಚಿಲ್ಲ.

ರಸ್ತೆ ಬದಿಯ ಅಂಗಡಿಯವರೇ ಎಷ್ಟೋ ಸಲ ಮೊದಲು ಓಡಿ ಬರೋರು. ಪೊಲೀಸ್ ಕೇಸು, ಕೋರ್ಟು ಅಂತ ಹಿಂಜರಿಯೋದು ಬೇಡ. ಸಹಾಯ ಮಾಡಿದವರನ್ನು ರಕ್ಷಿಸಲು ಕರ್ನಾಟಕ 2016ರಲ್ಲೇ ಕಾಯ್ದೆ ತಂದಿದೆ. ಗಂಭೀರ ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ ಕೇಂದ್ರ ಕೊಡೋ ಬಹುಮಾನ 5 ಸಾವಿರ ಇತ್ತು, 2025ರಲ್ಲಿ 25 ಸಾವಿರ ರೂಪಾಯಿಗೆ ಏರಿದೆ.

ಕರೆ ಮಾಡುವಾಗ ಮೊದಲು ಊರು, ಆಮೇಲೆ ಬಡಾವಣೆ, ಆಮೇಲೆ ಎಲ್ಲರಿಗೂ ಗೊತ್ತಿರೋ ಗುರುತು ಹೇಳಿ. 'ಮೈಸೂರು, ವಿಜಯನಗರ ಎರಡನೇ ಹಂತ' ಅಂತ. ಅವರು ಇಡೋ ತನಕ ಫೋನ್ ಇಡಬೇಡಿ, ಒಬ್ಬರು ರಸ್ತೆಗೆ ಬಂದು ನಿಂತಿರಿ. ತಮಾಷೆಗೆ ಮಕ್ಕಳ ಕೈಲಿ 108, 112 ಒತ್ತಿಸಬೇಡಿ.

ಕೊನೆಗೊಂದು ಸಲಹೆ. ಕರ್ನಾಟಕದಲ್ಲಿ 108 ಸೇವೆ ಶುರುವಾಗಿದ್ದು 2008ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನವೇ. ಹೊಸ ದಿನ ಹುಡುಕಬೇಕಾಗಿಲ್ಲ. ನಂಜನಗೂಡು, ಹುಣಸೂರು, ತಿ. ನರಸೀಪುರ, ಎಚ್.ಡಿ. ಕೋಟೆ, ಯಾವ ತಾಲ್ಲೂಕೇ ಆಗಲಿ, ರಾಜ್ಯೋತ್ಸವದ ವೇದಿಕೆಯಲ್ಲಿ ಆ ವರ್ಷ ಜೀವ ಉಳಿಸಿದ ಒಂದು ಕರೆಯನ್ನು ಆರಿಸಲಿ. ಡ್ರೈವರ್, ಶುಶ್ರೂಷಕರ ಜೊತೆಗೆ ಆ ಕರೆ ಸ್ವೀಕರಿಸಿದವರನ್ನೂ ಬೆಂಗಳೂರಿಂದ ಕರೆಸಲಿ. ಬಸ್ ಚಾರ್ಜು, ಒಂದು ಊಟ, ಒಂದು ಶಾಲು. ಅಷ್ಟು ಖರ್ಚು ನಮ್ಮ ತಾಲ್ಲೂಕಿನ ವರ್ತಕರ ಸಂಘಗಳಿಗೆ ಭಾರ ಆಗಲಿಕ್ಕಿಲ್ಲ.